ಮಂಜುವಿನ ಕ್ಷೇಮ ಸಮಾಚಾರ

ಅಂಕೋಲಾ, ಮಂಗಳವಾರ

ಕಾಕಾ, ಕಲಬುರಗಿಯ ಮನೆಮಂದಿಗೆಲ್ಲ ಶರಣು. ಈ ಯುದ್ಧ ಬೇಕೆಂದು ನೀವು, ಬೇಡವೆಂದು ನಾನು ಫೋನಿನಲ್ಲಿ ಜಗಳವಾಡುತ್ತೇವೆ, ಅದಕ್ಕೇ ಕಾರ್ಡು. ವರದಿಗಾರಿಕೆ ಮುಗಿಸಿ ಕೊಲ್ಲಿಯಿಂದ ನೇರ ಇಲ್ಲಿಗೆ ಬಂದೆ. ಅಲ್ಲಿನ ಬಂದರಿನ ಆಸ್ಪತ್ರೆಯಲ್ಲಿ ಈ ಊರಿನ ಮಂಜು ಎಂಬ ಹಡಗಿನ ಕೆಲಸಗಾರ ಸಿಕ್ಕಿದ್ದ. ಅಲ್ಲಿ ಫೋನು ನಡೆಯುವುದಿಲ್ಲ, ಮನೆಗೆ ಸುದ್ದಿ ಮುಟ್ಟಿಸಿ ಎಂದಿದ್ದ.

ಅವನ ಹೆಂಡತಿ ಸುಮಿತಾ ಮೀನು ಮಾರುತ್ತಾಳೆ. ಬಾಂಬು ಬಿದ್ದ ಅವನ ಹಡಗಿನವರೆಲ್ಲ ಕ್ಷೇಮವೆಂದು ಸರ್ಕಾರ ಹೇಳಿದ್ದನ್ನು ಅವಳು ನಂಬಿರಲಿಲ್ಲ. "ಮಂಜು ಬದುಕಿದ್ದಾನೆ, ನಾನೇ ಮಾತಾಡಿಸಿದೆ" ಎಂದೆ.

"ನಿಮ್ಗೂ ಸರ್ಕಾರದವ್ರೇ ಹೇಳಿ ಕಳ್ಸಿದ್ದಾ, ಅಕ್ಕೋರೆ?" ಎಂದಳು.

ಹೇಳಬೇಡಿ ಎಂದು ಮಂಜು ಕೇಳಿಕೊಂಡಿದ್ದನ್ನು ಕೊನೆಗೆ ಹೇಳಲೇಬೇಕಾಯಿತು: "ಎಡಗೈಯ ಎರಡು ಬೆರಳು ಹೋಗಿವೆ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ಈಗ ನಂಬ್ತೆ. ಬೆರಳು ಹೋದ್ದು ಹೇಳಿದ್ರಿ, ಹಾಗಾರೆ ಉಳ್ದದ್ದೂ ಖರೇನೇ. ಸರ್ಕಾರದವ್ರು ಇದನ್ನ ಎಂತಕೆ ಮುಚ್ಚಿಟ್ರು?" ಎಂದಳು. ಉತ್ತರ ನಿಮಗೆ ತೋಚಿದರೆ ಬರೆಯಿರಿ, ಜಗಳವಲ್ಲ, ನಿಜಕ್ಕೂ ಕೇಳುತ್ತಿದ್ದೇನೆ.

ಬಾಂಬಿನ ಸದ್ದಿಗೆ ಹಿಡಿದಿದ್ದ ಕಿವಿನೋವು ಇಳಿದಿದೆ; ಬರುವ ದಾರಿಯಲ್ಲಿ ಕಾರವಾರದಲ್ಲಿ ಡಾಕ್ಟರಿಗೆ ತೋರಿಸಿದೆ. ಕಾಕಿಗೆ ಹೇಳಿ.

ಸುದ್ದಿ ಕೇಳಿ ಅದೇ ಹಡಗಿನ ಇನ್ನೊಬ್ಬನ ತಾಯಿ ಕದ್ರಾದಿಂದ ಬಂದು ಅಂಗಳದಲ್ಲಿ ಕೂತಿದ್ದಾಳೆ. ಅವಳ ಮಗನನ್ನೂ ಅದೇ ಆಸ್ಪತ್ರೆಯಲ್ಲಿ ಕಂಡಿದ್ದೆ; ಬದುಕಿದ್ದಾನೆ, ಒಂದು ಕಾಲಿಲ್ಲ. ಎರಡನ್ನೂ ಹೇಳಬೇಕು, ನಿಲ್ಲಿಸುತ್ತೇನೆ.

ಗಂಗಾಂಬಿಕೆ