ಎರಡನೆಯ ಸಹಿ

ಜನವರಿ 14, ಸೋಮವಾರ

ಚೆಸ್ ಕ್ಲಬ್ಬಿನ ಒಲೆ ಇವತ್ತೂ ಹೊಗೆ ಕಾರಿತು. ಮಕ್ಕಳು ಕೈಗವಸು ಹಾಕಿಕೊಂಡೇ ಕಾಯಿ ನಡೆಸಿದರು. ಅನುಂಗೂ ಮಾತ್ರ ಬಿಚ್ಚಿಟ್ಟಿದ್ದಳು — ಕುದುರೆ ಜಾರುತ್ತದಂತೆ. ಹನ್ನೊಂದು ವರ್ಷ. ನನ್ನನ್ನು ಇಪ್ಪತ್ತೆಂಟು ನಡೆಯಲ್ಲಿ ಸೋಲಿಸಿದಳು. ಈ ತಿಂಗಳಲ್ಲಿ ಮೂರನೇ ಸಲ.

ಮಧ್ಯಾಹ್ನ ರಾಜಧಾನಿಯಿಂದ ಫೋನ್. ಮುಂದಿನ ತಿಂಗಳು ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳ ಚೆಸ್ ಪಂದ್ಯ. ನಮ್ಮ ಊರು ಬುಲ್ಗನ್‌ನಿಂದ ನಾಲ್ಕು ಮಕ್ಕಳು, ಜೊತೆಗೆ ನಾನು. ಹೆತ್ತವರಿಲ್ಲದೆ ದೇಶ ಬಿಡುವ ಮಗುವಿಗೆ ತಂದೆ, ತಾಯಿ ಇಬ್ಬರ ಒಪ್ಪಿಗೆ ಪತ್ರ ಬೇಕು. ನೋಟರಿ ಮುದ್ರೆಯೊಂದಿಗೆ, 25ರೊಳಗೆ.

ಮೂವರದ್ದು ತೊಂದರೆಯಿಲ್ಲ. ಅನುಂಗೂವಿನ ಅಮ್ಮ ಯಂಜ್ಮಾ ಕೊರಿಯಾಕ್ಕೆ ಕೆಲಸಕ್ಕೆ ಹೋಗಿ ನಾಲ್ಕು ವರ್ಷ. ಎರಡು ವರ್ಷದಿಂದ ಸುದ್ದಿಯೇ ಇಲ್ಲ. ಅಪ್ಪ ಗಲ್ಸನ್ ಚಳಿಗಾಲದ ದೊಡ್ಡಿಯಲ್ಲಿ, ಕುರಿಗಳ ಜೊತೆ. ಹುಡುಗಿ ಶಾಲೆಯ ಹಾಸ್ಟೆಲಿನಲ್ಲಿ.

ಅವಳಿಗಿನ್ನೂ ಹೇಳಿಲ್ಲ.

ಜನವರಿ 17, ಗುರುವಾರ

ಅರವತ್ತು ಕಿಲೋಮೀಟರು ಹಿಮದಲ್ಲಿ. ಜೀಪು ಎರಡು ಸಲ ಹೂತಿತು. ಗಲ್ಸನ್ ಉಪ್ಪುಚಹಾ ಕೊಟ್ಟ, ಕುರಿಮಾಂಸ ಕೊಯ್ದು ಮುಂದಿಟ್ಟ. ಕಾಗದ ತೋರಿಸಿದ ಮೇಲೆ ಚಾಕು ಕೆಳಗಿಟ್ಟ.

“ಯಾವ ದೇಶ ಅಂದ್ರಿ?”

“ಕೊರಿಯಾ. ಆರೇ ದಿನ.”

“ಅವ್ಳೂ ಎರಡೇ ವರ್ಷ ಅಂದಿದ್ಳು ಟೀಚರಮ್ಮ.”

“ಅನುಂಗೂ ಬೇರೆ, ಅವಳ ಅಮ್ಮ ಬೇರೆ.”

“ವಿಮಾನ ಬೇರೆನಾ?”

ಹೊರಡುವಾಗ ಜೀಪಿನ ಗಾಜಿನ ಮೇಲಿನ ಮಂಜನ್ನು ತಾನೇ ಕೆರೆದುಕೊಟ್ಟ. ಒಪ್ಪಿಗೆಯ ಮಾತು ಆಡಲಿಲ್ಲ.

ಜನವರಿ 21, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿನ ಬಾಗಿಲಲ್ಲಿ ಗಲ್ಸನ್! ಈ ಚಳಿಯಲ್ಲಿ ಮೋಟಾರ್‌ಸೈಕಲ್ಲಿನಲ್ಲಿ ಬಂದಿದ್ದ. ಹುಬ್ಬಿನಲ್ಲಿ ಮಂಜುಗಡ್ಡೆ.

“ಶನಿವಾರ ಮಗಳು ಮನೇಗೆ ಬಂದಿದ್ಳು. ಯಾರೋ ಹೇಳ್ಬಿಟ್ಟಿದಾರೆ. ಏನೂ ಕೇಳ್ಲಿಲ್ಲ ಟೀಚರಮ್ಮ. ಅತ್ತಿದ್ರೆ ಬೈದಾದ್ರೂ ಸುಮ್ಮನಾಗಿಸ್ತಿದ್ದೆ. ಸುಮ್ನೆ ಸಗಣಿ ಎತ್ತಿದ್ಳು, ನೀರು ತಂದ್ಳು. ನಡೀರಿ, ಎಲ್ಲಿ ಹಾಕ್ಬೇಕು ಸಹಿ?”

ನೋಟರಿ ಗಟ್ಟಿಯಾಗಿ ಓದಿದಳು: ಮಗುವನ್ನು ದೆಜಿದ್ ಎಂಬ ಶಿಕ್ಷಕಿ ಕರೆದೊಯ್ದು, ಮರಳಿ ತಂದು ಒಪ್ಪಿಸತಕ್ಕದ್ದು. ನನ್ನ ಹೆಸರಿದ್ದ ಆ ಸಾಲನ್ನು ಇನ್ನೊಮ್ಮೆ ಓದಿಸಿದೆ. ಗಲ್ಸನ್ ಬೆರಳಚ್ಚು ಒತ್ತಿ, ಸಹಿ ಹಾಕಿದ. ಹೊರಗೆ ಬಂದು ಸಿಗರೇಟು ಹಚ್ಚಿ ಹೇಳಿದ: “ಎರಡನೇ ಸಹಿ ಸಿಗಲ್ಲ ಬಿಡಿ. ಅವಳ ನಂಬರ್ ನನ್ ಹತ್ರ ಇಲ್ಲ.”

ಜನವರಿ 22, ಮಂಗಳವಾರ

ಯಂಜ್ಮಾಳ ಅಕ್ಕ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಮೊದಲು ಮುಖ ತಿರುಗಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಬಿಲ್ಲಿನ ಹಿಂದೆ ನಂಬರ್ ಬರೆದುಕೊಟ್ಟಳು.

ಎರಡು ಸಲ ರಿಂಗಾಗುವುದರೊಳಗೆ ಯಂಜ್ಮಾ ಎತ್ತಿದಳು.

“ನಾನು ಅನುಂಗೂ ಟೀಚರ್—”

“ಏನಾಯ್ತು ಅವ್ಳಿಗೆ? ಹೇಳಿ, ಏನಾಯ್ತು?”

ಏನೂ ಆಗಿಲ್ಲ ಎಂದು ನಾಲ್ಕು ಸಲ ಹೇಳಬೇಕಾಯಿತು. ಆಮೇಲೆ ಅವಳದೇ ಮಾತು. ಮೀನಿನ ಕಾರ್ಖಾನೆ. ಕೆಲಸ ಇನ್ನೊಂದು ವರ್ಷ ಮುಂದುವರಿಸಿದ್ದಕ್ಕೆ ಗಂಡನ ಜೊತೆ ಜಗಳ. ಮಾರನೆಯ ದಿನ ಅವನು ನಂಬರ್ ಬದಲಿಸಿದ. ಅಕ್ಕನ ಕೈಯಲ್ಲಿ ಕಳಿಸಿದ ಬಟ್ಟೆಯೂ ವಾಪಸ್. ಎರಡು ವರ್ಷ ಮಗಳ ದನಿ ಕೇಳಿಲ್ಲ.

ಗಲ್ಸನ್ ಇದನ್ನು ನನಗೆ ಹೇಳಿರಲಿಲ್ಲ. ಮಗಳಿಗಂತೂ ಹೇಳಿಯೇ ಇಲ್ಲ. ಅಮ್ಮ ಮರೆತಳು ಎಂದೇ ಅವಳ ಲೆಕ್ಕ.

ಪತ್ರದ ವಿಷಯ ಹೇಳಿದೆ.

“ಹಾಕ್ತೀನಿ. ನಾಳೇನೇ ನಮ್ಮ ರಾಯಭಾರ ಕಚೇರಿಗೆ ಹೋಗಿ ಹಾಕ್ತೀನಿ. ಆದ್ರೆ ಟೀಚರ್, ಒಂದ್ಸಲ ನನ್ ಕೈಗೆ ಸಿಕ್ಕಿದ್ರೆ ಮತ್ತೆ ಕಳ್ಸಲ್ಲ.”

“ಹಾಗನ್ನಬೇಡಿ. ಕಾಗದದಲ್ಲಿ ನನ್ನ ಹೆಸರಿದೆ.”

“ನಿಮ್ಮ ಹೆಸರು ಕಾಗದದಲ್ಲಿದೆ. ನಾನು ಹೆತ್ತಿದೀನಿ.”

ಕಟ್ ಮಾಡಿದಳು.

ಜನವರಿ 24, ಗುರುವಾರ

ಒಪ್ಪಿಗೆ ಪತ್ರ ಇಮೇಲಿನಲ್ಲಿ ಬಂತು. ರಾಯಭಾರ ಕಚೇರಿಯ ಮುದ್ರೆ, ಯಂಜ್ಮಾಳ ಸಹಿ. ಕೆಳಗೊಂದು ಸಂದೇಶ: ‘ಅವತ್ತು ಸಿಟ್ಟಲ್ಲಿ ಅಂದೆ. ಕಳಿಸ್ತೀನಿ. ನೋಡೋಕಾದ್ರೂ ಬಿಡಿ.’

ಯಾವುದನ್ನು ನಂಬಲಿ?

ಯಂಜ್ಮಾ ಮೊದಲು ‘ಕಳ್ಸಲ್ಲ’ ಅಂದದ್ದನ್ನು ಗಲ್ಸನ್‌ಗೆ ಹೇಳಬೇಕು. ಹೇಳಿದರೆ ನಾಳೆಯೇ ಬಂದು ಕಾಗದ ಹರಿಯುತ್ತಾನೆ. ಅನುಂಗೂ ಇಲ್ಲದೆ ನಮ್ಮ ತಂಡ ಎರಡು ಸುತ್ತೂ ನಿಲ್ಲುವುದಿಲ್ಲ — ಇದೂ ಮನಸ್ಸಿಗೆ ಬಂತು, ಬರಲಿಲ್ಲ ಎಂದು ಬರೆದರೆ ಸುಳ್ಳು. ಸಹಿ ಸಿಕ್ಕಿತು ಎಂದಷ್ಟೇ ಸಂದೇಶ ಕಳಿಸಿದೆ. ‘ಸರಿ’ ಎಂದು ಉತ್ತರ.

ಅಮ್ಮ ಬರುತ್ತಾಳೆ ಎಂದು ಅನುಂಗೂಗೆ ಹೇಳಿದೆ. ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. “ನನ್ ಗುರುತು ಸಿಗುತ್ತಾ ಅವ್ಳಿಗೆ?” ಎಂದಳು.

ಫೆಬ್ರವರಿ 20, ಬುಧವಾರ. ಸೋಲ್

ಮೊದಲ ದಿನ ಅನುಂಗೂಗೆ ಎರಡು ಗೆಲುವು, ಒಂದು ಡ್ರಾ. ಯಂಜ್ಮಾಗೆ ರಜೆ ಭಾನುವಾರ ಮಾತ್ರ. ನಾವು ಹೊರಡುವುದೂ ಭಾನುವಾರವೇ.

ಫೆಬ್ರವರಿ 24, ಭಾನುವಾರ

ಬೆಳಿಗ್ಗೆ 10:30 — ಯಂಜ್ಮಾ ಬಂದಳು. ನನಗಿಂತ ಕುಳ್ಳಿ. ಕೈಯ ಚರ್ಮ ಉಪ್ಪುನೀರಿಗೆ ಬಿರಿದಿದೆ. ಲಾಬಿಯಲ್ಲಿ ಇಬ್ಬರೂ ಎರಡು ಮಾರು ದೂರ ನಿಂತರು. ಅನುಂಗೂ ನಿನ್ನೆ ಗೆದ್ದ ಪದಕವನ್ನು ಕೊರಳಿನಿಂದ ತೆಗೆದು ಮುಂದೆ ಚಾಚಿದಳು, ಗುರುತಿನ ಚೀಟಿ ತೋರಿಸುವ ಹಾಗೆ. ನಾನು ಬೇರೆ ಕಡೆ ನೋಡಿದೆ.

ಊಟಕ್ಕೆ ಕರೆದುಕೊಂಡು ಹೋದಳು. ಎರಡೂವರೆಗೆ ವಾಪಸ್ ಬರಬೇಕು. ನಾಲ್ಕಕ್ಕೆ ವಿಮಾನ ನಿಲ್ದಾಣದ ಬಸ್ಸು. ನಾನೂ ಜೊತೆಗೆ ಹೋಗಬಹುದಿತ್ತು. ಹೋಗಲಿಲ್ಲ. ಪಾಸ್‌ಪೋರ್ಟ್ ಮಾತ್ರ ನನ್ನ ಚೀಲದಲ್ಲಿದೆ.

2:45 — ಇಲ್ಲ.

3:05 — ಯಂಜ್ಮಾ ಫೋನ್ ಎತ್ತುತ್ತಿಲ್ಲ. ಉಳಿದ ಮಕ್ಕಳು ಪೆಟ್ಟಿಗೆಗಳ ಮೇಲೆ ಕೂತು ಜಗಳಾಡುತ್ತಿದ್ದಾರೆ.

3:20 — ಗಲ್ಸನ್ ಫೋನ್. “ಹೊರಟ್ರಾ?” “ಹೊರಡ್ತಾ ಇದೀವಿ.” “ಅವ್ಳಿಗೆ ಕೊಡಿ.” “ಬಾತ್‌ರೂಮಲ್ಲಿದಾಳೆ.” ಬಾಯಿಗೆ ಬಂದದ್ದು ಹೇಳಿದೆ. ಅವನು ‘ಹೂಂ’ ಎಂದ. ಆ ‘ಹೂಂ’ ಸರಿಯಿರಲಿಲ್ಲ.

3:40 — ಪೊಲೀಸರಿಗೆ ಹೇಳುವುದೇ? ಏನೆಂದು? ಒಬ್ಬ ತಾಯಿ ತನ್ನ ಮಗಳನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದಾಳೆ ಎಂದೇ? ರಿಸೆಪ್ಷನ್ ಹುಡುಗಿ ನೀರು ತಂದುಕೊಟ್ಟಳು.

3:52 — ಬಸ್ಸು ಬಂದಿದೆ. ಮಕ್ಕಳನ್ನು ಹತ್ತಿಸಿದೆ. ಅನುಂಗೂವಿನ ಪೆಟ್ಟಿಗೆ ಕೆಳಗೇ—

ಸಂಜೆ 5:30, ವಿಮಾನ ನಿಲ್ದಾಣ

ಬಸ್ಸು ಹೊರಡಲು ಒಂದೇ ನಿಮಿಷವಿತ್ತು. ರಸ್ತೆಯಾಚೆಯಿಂದ ಇಬ್ಬರೂ ಓಡುತ್ತ ಬಂದರು. ಎಳೆಯುತ್ತಿದ್ದವಳು ಅನುಂಗೂ.

ಯಂಜ್ಮಾಳ ಮೇಲೆ ರೇಗಿಬಿಟ್ಟೆ. ಮಕ್ಕಳ ಮುಂದೆಯೇ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

“ಸ್ಟೇಷನ್ನಲ್ಲಿ ಈ ಕಡೆ ಬರೋ ಎರಡು ರೈಲು ಹೋಗೋಕೆ ಬಿಟ್ಟೆ ಟೀಚರ್. ಮೂರನೇದಕ್ಕೆ ಇವಳೇ ನನ್ ಕೈ ಹಿಡ್ಕೊಂಡು ಹತ್ತಿದ್ಳು.”

ಮಗಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮೇಲಿನವರೆಗೂ ಹಾಕಿದಳು. ಬಸ್ಸಿನ ಚಾಲಕ ಹಾರ್ನ್ ಹೊಡೆದ. ಅವಳು ಅಳಲಿಲ್ಲ. ಹಿಂದಿನ ಸೀಟಿನಲ್ಲಿ ಅನುಂಗೂ ಅತ್ತಳು, ದನಿಯೇ ಇಲ್ಲದೆ, ನಿಲ್ದಾಣದವರೆಗೂ.

ಇಲ್ಲಿಂದ ಗಲ್ಸನ್‌ಗೆ ಫೋನ್ ಮಾಡಿದೆ. “ಆಗ ಸುಳ್ಳು ಹೇಳಿದ್ದೆ ಅಣ್ಣ. ಅವಳು ಇರಲಿಲ್ಲ.”

“ಗೊತ್ತು. ನಾನು ನಿಮಗೆ ಫೋನ್ ಮಾಡೋಕೆ ಮುಂಚೇನೇ ಯಂಜ್ಮಾ ನನಗೆ ಮಾಡಿದ್ಳು. ಮಗು ಹತ್ರ ನಂಬರ್ ಇಸ್ಕೊಂಡು, ಮಗೂನ ಬೆಂಚ್ ಮೇಲೆ ಕೂರ್ಸಿ, ಆಚೆ ಬಂದು.”

“ಏನಂದ್ಳು?”

“ಇಟ್ಕೊಳ್ಲಾ ಅಂದ್ಳು.”

ಅವನ ಕಡೆ ಕುರಿಗಳ ಸದ್ದು.

“ನೀವೇನಂದ್ರಿ?”

“ಮಗು ಇರ್ತೀನಿ ಅಂದ್ರೆ ಇರ್ಲಿ ಅಂದೆ. ಟೀಚರಮ್ಮನಿಗೆ ತೊಂದ್ರೆ ಆಗದ ಹಾಗೆ ಬೇರೆ ಕಾಗದ ಮಾಡಿಸ್ತೀನಿ, ನಾಳೆ ಬೆಳಿಗ್ಗೇನೇ ಊರಿಗೆ ಹೋಗ್ತೀನಿ ಅಂದೆ. ನಿಮಗೆ ಫೋನ್ ಮಾಡಿದ್ದು ಮಗು ಏನಂದ್ಳೋ ತಿಳ್ಕೊಳ್ಳೋಕೆ. ಇನ್ನೊಂದ್ಸಲ ಯಂಜ್ಮಾಗೇ ಕೇಳೋ ಧೈರ್ಯ ಆಗ್ಲಿಲ್ಲ.”

5:50

ಅನುಂಗೂಗೆ ಯಾವುದೂ ಗೊತ್ತಿಲ್ಲ. ಅಪ್ಪನಿಗೆ ಮೋಸ ಆಗಬಾರದೆಂದು ಓಡಿಬಂದಳಂತೆ. ಈಗ ಮುಖ ತೊಳೆದು ಬಂದು ನನ್ನ ಪಕ್ಕ ಕೂತಿದ್ದಾಳೆ. “ಅಪ್ಪ ಫೋನಲ್ಲಿ ಏನಂದ್ರು ಟೀಚರ್?”

ಹೇಳಿದರೆ ಎದ್ದು ವಾಪಸ್ ಓಡಬಹುದು. ಹೇಳದಿದ್ದರೆ ಅವಳು ಊರಿಗೆ ಮರಳುವುದು ಅವಳ ಇಷ್ಟದಿಂದ ಹೇಗಾಗುತ್ತದೆ? ತಪಾಸಣೆಗೆ ಒಳಗೆ ಹೋಗಲು ಇನ್ನೂ ನಲವತ್ತು ನಿಮಿಷ. ಪಾಸ್‌ಪೋರ್ಟನ್ನು ಚೀಲದಿಂದ ತೆಗೆದು ಅವಳ ಕೈಗೇ ಕೊಟ್ಟೆ. ಹೇಳಲು ಶುರುಮಾಡಿದೆ. ‘ಇರ್ಲಿ ಅಂದ್ರು’ ಎಂಬಲ್ಲಿಗೆ ಬಂದಾಗ ಅವಳು ತಲೆಯೆತ್ತಿ, “ಹಾಗಾದ್ರೆ ಮುಂದಿನ ರಜೆಗೆ ಬರ್ತೀನಿ ಅಂತ ಅಮ್ಮಂಗೆ ಹೇಳ್ಬೇಕು, ಫೋನ್ ಕೊಡಿ ಟೀಚರ್” ಎಂದಳು.