ಆಮೆಗೆ ಹಾಕಿದ ನೀರು

ರಾಮನಗರ, ಶುಕ್ರವಾರ

ಕವನಾ ಮೇಡಂಗೆ ಹಮೀದಾಳ ಸಲಾಮು.

ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ನನ್ನ ಹತ್ರ ಬಿಟ್ಟುಹೋದ ನಿಮ್ಮ ಆಮೆ ಸತ್ತೋಯ್ತು. ಚಳಿಗೆ ಅದರ ರಕ್ತನಾಳ ಬಿಗಿಯಾಗ್ತವೆ, ಬಿಸಿಲಿಗಿಟ್ಟರೆ ತಾನಾಗೇ ಸಡಿಲಾಗ್ತವೆ, ಅವಸರ ಮಾಡಬೇಡಿ ಅಂದಿದ್ರಿ. ಮೂರು ದಿನ ಬಿಸಿಲೇ ಬರಲಿಲ್ಲ. ಕಲ್ಲಿನ ಹಂಗೆ ಬಿದ್ದಿತ್ತು, ಭಯವಾಗಿ ಒಸಿ ಬಿಸಿನೀರಿಗೆ ಬಿಟ್ಟೆ. ಮೊದಲು ಕೈ ಅದ್ದಿ ನೋಡಿದ್ದೆ ಮೇಡಂ, ನನಗೆ ಉಗುರುಬೆಚ್ಚಗೇ ಇತ್ತು. ಆಮೇಲೆ ಮಗಳು ಸಫೂರಾ ಕೈಯಿಟ್ಟು, "ಅಮ್ಮಿ, ಸುಡ್ತೈತೆ!" ಅಂತ ಚೀರಿದಳು. ಇಪ್ಪತ್ತು ವರ್ಷ ಕುದಿಯೋ ನೀರಲ್ಲಿ ರೇಷ್ಮೆಗೂಡಿನ ನೂಲಿನ ತುದಿ ಹುಡುಕಿದ ಕೈ ಇದು. ಇದಕ್ಕೆ ಬಿಸಿ ತಿಳಿಯಲ್ಲ ಅನ್ನೋದು ಆಗ ಹೊಳೀಲಿಲ್ಲ.

ಆಮೆಯ ತೊಟ್ಟಿ ತೊಳೆದಿಟ್ಟಿದ್ದೀನಿ.

ಮುಂದಿನ ತಿಂಗಳು ಸಫೂರಾಗೆ ಹೆರಿಗೆ. ಮಗುವಿಗೆ ನೀರು ಹಾಕಬೇಕಾದವಳು ನಾನೇ. ನಿಮ್ಮ ಕಾಲೇಜಿನಲ್ಲಿ ನೀರಿನ ಬಿಸಿ ಅಳೆಯೋ ಕಡ್ಡಿ ಇದ್ದರೆ ಒಂದು ತಂದುಕೊಡ್ತೀರಾ?

ನಿಮ್ಮ ಮುಖ ನೋಡೋಕೆ ಹೆದರ್ತಿರೋ
ಹಮೀದಾ