ನಿನ್ನ ತೂಕದ ಕಲ್ಲು

ನನ್ನ ಪುಟ್ಟ ಸವಾರಿಗೆ,

ನಿನಗಿನ್ನೂ ಹೆಸರಿಟ್ಟಿಲ್ಲ, ಮುಖ ನೋಡಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಅದಕ್ಕೇ ಸವಾರಿ ಅನ್ನುತ್ತಿದ್ದೇನೆ. ಚಿತ್ತಾಪುರದ ನನ್ನ ತವರಿನವರು ಟಂಟಂ ಆಟೋ ಓಡಿಸುವವರು; ಗಾಡಿ ಹತ್ತಿದವರನ್ನೆಲ್ಲ ಸವಾರಿ ಅನ್ನುವುದು ನಮ್ಮ ರೂಢಿ. ನೀನಂತೂ ಕೈ ಮಾಡದೆ, ಎಲ್ಲಿಗೆ ಅಂತಲೂ ಹೇಳದೆ ಹತ್ತಿ ಕೂತ ಸವಾರಿ. ಮನೆಯಲ್ಲಿ ದಖನಿ ಉರ್ದು ಆಡಿದರೂ ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಮನಸ್ಸಿನದು ಬರೆಯಲು ಕೂತರೆ ಕೈ ಕನ್ನಡಕ್ಕೇ ಹೋಗುತ್ತದೆ. ಓದು ಬಂದ ಮೇಲೆ ಓದಿಕೋ.

ಈಗ ಮಧ್ಯಾಹ್ನ. ಶಹಾಬಾದಿನ ನಮ್ಮ ಮನೆಯ ಫರ್ಸಿ ಕಲ್ಲಿನ ನೆಲ ತಣ್ಣಗಿದೆ, ಅದರ ಮೇಲೆ ಒಂದು ಮಗ್ಗುಲಾಗಿ ಒರಗಿದ್ದೇನೆ. ದೂರದಲ್ಲೆಲ್ಲೋ ಕಲ್ಲು ಪಾಲಿಶ್ ಮಾಡುವ ಯಂತ್ರ ಗುಂಯ್ ಅನ್ನುತ್ತಿದೆ, ಕಣ್ಣು ಎಳೆಯುತ್ತಿದೆ. ನಿನ್ನ ಅಬ್ಬಾ ಅತೀಕ ಇಂಥ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಭಾಳ ಒಳ್ಳೆಯ ಮನುಷ್ಯ, ಆದರೆ ಒಂದು ಹುಚ್ಚಿದೆ. ಆ ಹುಚ್ಚು ಅಂಗಳದಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿದೆ.

ಹಳೇ ಮಾರುತಿ ಎಂಟುನೂರು. ನಾಲ್ಕು ಜನ ಕೂತು ಏರು ಹತ್ತಿದರೆ ಏದುಸಿರು ಬಿಡುವ ಗಾಡಿ. ಇದನ್ನು ರೇಸಿಗೆ ಬಿಡುತ್ತೇನೆ ಅಂದಾಗ ಇಡೀ ಓಣಿ ನಕ್ಕಿತು, ನಾನೂ ನಕ್ಕೆ. ಆದರೆ ಅದು ದೊಡ್ಡ ಇಂಜಿನ್ನಿನವರ ಆಟವಲ್ಲ. ಕಂಪನಿ ಕೊಟ್ಟ ಇಂಜಿನ್ ಕೊಟ್ಟ ಹಾಗೇ ಇರಬೇಕು. ಎರಡು ಗಾಡಿ ಪಕ್ಕಪಕ್ಕ ನಿಂತು ನೆಟ್ಟಗೆ ಓಡಬೇಕು. ಮೊದಲು ಗೆರೆ ದಾಟಿದವರು ಗೆದ್ದರು. ಸ್ಟಾಕ್ ಕ್ಲಾಸ್ ಅನ್ನುತ್ತಾರೆ. ಇಂಜಿನ್ ಮುಟ್ಟುವಂತಿಲ್ಲ ಅಂದಮೇಲೆ ಉಳಿಯುವುದು ಗಾಡಿಯ ತೂಕ, ಕ್ಲಚ್ಚಿನ ಮೇಲಿನ ಕಾಲು. ಆ ಕಾಲು ನನ್ನದು. ಮದುವೆಗೆ ಮೊದಲು ವಾಡಿ ಸ್ಟೇಶನ್ನಿಗೆ ಟಂಟಂ ಓಡಿಸುತ್ತಿದ್ದೆ. ಹಿಂದೆ ಕೂತ ಮುದುಕಿಯ ಕೈಯ ಚೆಂಬಿನ ಹಾಲು ತುಳುಕದ ಹಾಗೆ ಗಾಡಿ ಎಬ್ಬಿಸುವುದು ಅಲ್ಲೇ ಕಲಿತದ್ದು. ಜೊತೆಗೆ ನಾನು ಕಡ್ಡಿಯಂತಿದ್ದೆ. ಮನೆಯಲ್ಲಿ ನನ್ನಷ್ಟು ಹಗುರ ಇದ್ದವಳು ನಿನ್ನ ಫುಪ್ಪು ಮಹೆಕ್ ಒಬ್ಬಳೇ. ನಿನ್ನ ಅಬ್ಬಾನ ತಂಗಿ, ಸೇಡಂ ಕಾಲೇಜಿನವಳು. ಲೈಸನ್ಸ್ ಇತ್ತು, ಆದರೆ ಗಾಡಿ ರಿವರ್ಸ್ ತೆಗೆಯಲಿಕ್ಕೂ ಬೆವರುತ್ತಿದ್ದಳು.

ಡ್ರೈವರ್ ಸೇರಿ ಗಾಡಿ ಇಂತಿಷ್ಟು ತೂಗಲೇಬೇಕು ಅಂತ ರೇಸಿನವರ ನಿಯಮ. ನಾನು ಹಗುರ, ಹಾಗಾಗಿ ಕಡಿಮೆ ಬಿದ್ದ ತೂಕವನ್ನು ನಮಗೆ ಬೇಕಾದ ಜಾಗದಲ್ಲಿ ಇಡಬಹುದಿತ್ತು. ನಿನ್ನ ಅಬ್ಬಾ ಒಂದು ದಪ್ಪ ಫರ್ಸಿ ಕಲ್ಲು ಕೊರೆದು, ಮುಂದಿನ ಗಾಲಿಗಳ ಸಮೀಪ ಬೋಲ್ಟ್ ಹಾಕಿ ಕೂಡಿಸಿದರು. ಈ ಗಾಡಿಯನ್ನು ಎಳೆಯುವುದು ಮುಂದಿನ ಗಾಲಿ. ಅಲ್ಲಿ ಭಾರ ಕೂತರೆ ಹಿಡಿತ ಸಿಗುತ್ತದೆ. ಜಗತ್ತೆಲ್ಲ ಮನೆಗೆ ಹಾಸುವ ಕಲ್ಲು ನಮ್ಮ ಗಾಡಿ ಹತ್ತಿತು.

ವಾಡಿ ದಾರಿಯಲ್ಲಿ ಅಮೃತಪ್ಪ ಕಾಕಾನ ಬಂದಾದ ಕಲ್ಲಿನ ಖಣಿ ಇದೆ. ಅದರ ಒಳರಸ್ತೆಯಲ್ಲಿ ನಮ್ಮ ತಾಲೀಮು. ಮುಂಜಾನೆ ಅಲ್ಲಿ ಎಲ್ಲವೂ ಬಿಳಿ. ಮಂಜು ಬಿಳಿ, ಕಲ್ಲುಪುಡಿ ಬಿಳಿ, ಹೊಂಡದ ನೀರು ಮಾತ್ರ ಹಸಿರು. ಗಾಡಿ ಎದ್ದು ಓಡಿದಾಗ ರಸ್ತೆ ಕಾಣುತ್ತಿರಲಿಲ್ಲ, ಬೆಳಕಿನೊಳಗೆ ಹೋಗುತ್ತಿದ್ದೇನೆ ಅನಿಸುತ್ತಿತ್ತು. ಸದ್ದು ಕೂಡ ಹಿಂದೆ ಉಳಿದುಬಿಡುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ಇರುತ್ತೇನೆ. ನನ್ನ ಜೀವನದಲ್ಲಿ ಅಷ್ಟು ನನ್ನದೇ ಆದದ್ದು ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ನೀನು ಹತ್ತಿದೆ.

ನಿನ್ನ ದಾದಿ, ಅಂದರೆ ನನ್ನ ಅತ್ತೆ ಖುರ್ಷಿದಬೇಗಂ, ಆಗ ಚಿಂಚೋಳಿಯ ತಮ್ಮನ ಮನೆಯಲ್ಲಿದ್ದರು. ಇಲ್ಲೇ ಇದ್ದಿದ್ದರೆ ನನ್ನ ಮುಖ ನೋಡಿಯೇ ಹಿಡಿಯುತ್ತಿದ್ದರು. ನಿನ್ನ ಅಬ್ಬಾನಿಗೆ ಮಾತ್ರ ಏನೂ ಹೊಳೆಯಲಿಲ್ಲ. ಬಸುರಿಯರಿಗೆ ಅನ್ನ ಸೇರುವುದಿಲ್ಲವಂತೆ, ನನಗೋ ಎಷ್ಟು ರೊಟ್ಟಿ ಇಟ್ಟರೂ ಸಾಲದು. ವಾರಕ್ಕೊಮ್ಮೆ ಪಕ್ಕದ ಸೂಗಮ್ಮಕ್ಕನ ಬೇಳೆ ಅಂಗಡಿಯ ತೂಕದ ಕಾಟಾ ಮೇಲೆ ನಿನ್ನ ಅಬ್ಬಾ ನನ್ನನ್ನು ನಿಲ್ಲಿಸುವುದು, ಮುಳ್ಳು ಮುಂದೆ ಸರಿಯುವುದು, ಅವರು ಮನೆಗೆ ಬಂದು ಉಳಿ ಹಿಡಿದು ಅಷ್ಟೇ ಕಲ್ಲು ಒಡೆದು ತೆಗೆಯುವುದು. ಆ ಬಡಪಾಯಿ ಇಂಜಿನ್ನಿಗೆ ಒಂದು ಕಿಲೋ ಹೆಚ್ಚಾದರೂ ಭಾರ. ನಾನು ಹೆಚ್ಚಿದಷ್ಟು ಕಲ್ಲು ಸಣ್ಣದಾಗುತ್ತಾ ಬಂತು. ಒಡೆದ ಚೂರುಗಳನ್ನು ನಾನು ಆರಿಸಿ ಒಂದು ಚೀಲದಲ್ಲಿ ಇಟ್ಟುಕೊಂಡೆ.

ಮುಂದಿನ ಭಾರ ಸೀಟಿಗೆ ಬಂದದ್ದರಿಂದ ಹೊರಡುವಾಗ ಗಾಲಿ ಜಾರತೊಡಗಿತು. ದೋಷ ಕಾರ್ಬೊರೇಟರಿನದೇ ಅಂದುಕೊಂಡು ನಿನ್ನ ಅಬ್ಬಾ ಅದನ್ನು ಬಿಚ್ಚಿದರು, ತೊಳೆದರು, ಮತ್ತೆ ಬಿಚ್ಚಿದರು. ಸೂಗಮ್ಮಕ್ಕ ಒಂದು ದಿನ ಅವರು ಆಚೆ ಹೋದದ್ದು ನೋಡಿ ನನ್ನ ಕೈ ಹಿಡಿದರು. "ಕಾಟಾ ಸುಳ್ಳ ಹೇಳಲ್ಲವ್ವ ಜಬೀನಾ. ಎಷ್ಟನೇ ತಿಂಗಳು?"

ನಾನು ಕೈ ಬಿಡಿಸಿಕೊಂಡು ಮನೆಗೆ ನಡೆದೆ. ಯಾರಿಗೆ ಹೇಳಿದರೂ ಸೀಟು ಹೋಗುತ್ತಿತ್ತು. ರಾಜ್ಯದ ಗಡಿಯಾಚೆ, ಒಂದು ಖಾಲಿ ವಿಮಾನಪಟ್ಟಿಯ ಮೇಲೆ ರೇಸು ಹತ್ತಿರ ಬಂದಿತ್ತು. ಒಂದೇ ಒಂದು ಸಲ ಅಷ್ಟು ಉದ್ದದ ಬೆಳಕಿನಲ್ಲಿ ಓಡಬೇಕಿತ್ತು ನನಗೆ. ನಿನ್ನ ಮೇಲೆ ಸಿಟ್ಟೂ ಬಂತು ಮರಿ, ಮುಚ್ಚಿಡುವುದಿಲ್ಲ. ಇನ್ನೊಂದೆರಡು ತಿಂಗಳು ತಡೆದು ಬರಬಾರದಾಗಿತ್ತೇ ಅಂತ ಬೈದೆ. ಬೈದು, ಮತ್ತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದೆ.

ಕೊನೆಯ ತಾಲೀಮಿನ ಮುಂಜಾನೆ ಯಾಕೋ ಆ ಚೀಲವನ್ನೂ ಟಿಫಿನ್ ಜೊತೆ ಖಣಿಗೆ ತಂದಿದ್ದೆ, ಕಲ್ಲಿನ ಕಟ್ಟೆಯ ಮೇಲೆ ಇಟ್ಟೆ. ಗಾಡಿ ಹತ್ತಿದೆ. ಆಕ್ಸಿಲರೇಟರ್ ಒತ್ತಿ ಕ್ಲಚ್ಚನ್ನು ಹಿಡಿಯುವ ಹಂತಕ್ಕೆ ತಂದೆ. ಇಡೀ ಗಾಡಿ ನಡುಗಿತು. ಯಾವಾಗಲೂ ನಡುಗುತ್ತದೆ, ಆ ನಡುಕವೇ ನನಗೆ ಇಷ್ಟ. ಆದರೆ ಆವತ್ತು ಅದು ಬೆನ್ನಿನಿಂದ ಹೊಟ್ಟೆಗೆ ಇಳಿದಾಗ, ಇದು ನಿನಗೂ ತಟ್ಟುತ್ತಿರಬಹುದು ಅನಿಸಿತು. ಕಾಲು ಕ್ಲಚ್ ಬಿಡಲಿಲ್ಲ. ಕಣ್ಣೆದುರು ಆ ಬಿಳಿ ಬೆಳಕು ಹಾಗೇ ಕಾಯುತ್ತಿತ್ತು. ನಾನು ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದೆ.

ಕ್ಲಚ್ ಹೋಯಿತು ಅಂದುಕೊಂಡು ನಿನ್ನ ಅಬ್ಬಾ ಓಡಿ ಬಂದರು. ನಾನು ಇಳಿದು ಕಟ್ಟೆಯ ಮೇಲಿನ ಚೀಲ ತಂದು ಅವರ ಕೈಗಿಟ್ಟೆ.

"ಗಾಲಿ ಯಾಕ ಜಾರಾಕತ್ತದ ಅಂತ ಹುಡುಕಾಕತ್ತಿದ್ರಲ್ಲ. ತಗೋರಿ, ಇಷ್ಟೂ ತೂಕ ನಿಮ್ಮ ಕೂಸಿಂದು."

ಅವರು ಚೀಲದೊಳಗೆ ನೋಡಿದರು, ನನ್ನನ್ನು ನೋಡಿದರು, ಅಲ್ಲೇ ಕಲ್ಲುಪುಡಿಯಲ್ಲಿ ಕೂತರು. ಒಂದು ಚೂರು ಕೈಗೆ ತಗೊಂಡು ಅಂದರು, "ಅಂದ್ರ... ಕಾರ್ಬೊರೇಟರ್ ಸರೀನೇ ಅದ."

ಆಮೇಲೆ ಅತ್ತರು. ನಾನೂ ಅತ್ತೆ, ಸೀಟಿಗಾಗಿ ಅರ್ಧ, ನಿನಗಾಗಿ ಅರ್ಧ.

ಸೀಟು ಮಹೆಕ್‌ಗೆ ಹೋಯಿತು. ರಸ್ತೆಯ ಅಂಚಿನಲ್ಲಿ ನಿಂತು ನಾನೇ ಕಲಿಸಿದೆ. ಮೊದಮೊದಲು ಅವಳು ಕ್ಲಚ್ ಒದೆಯುತ್ತಿದ್ದಳು; ಚೆಂಬಿನ ಹಾಲಿನ ಮುದುಕಿಯ ಕಥೆ ಹೇಳಿದ ಮೇಲೆ ಕಾಲು ಹದಕ್ಕೆ ಬಂತು. ಅವಳು ತೂಗಿದ್ದು ನನ್ನ ಮೊದಲಿನ ತೂಕದಷ್ಟೇ. ಅಂದಮೇಲೆ ಒಡೆದು ತೆಗೆದ ಕಲ್ಲೆಲ್ಲ ಮತ್ತೆ ಗಾಡಿಗೆ ಬೇಕಾಯಿತು. ನಿನ್ನ ಅಬ್ಬಾ ಒಂದು ಕಬ್ಬಿಣದ ಡಬ್ಬಿ ಮಾಡಿ, ಚೂರುಗಳನ್ನು ತುಂಬಿ, ಉಳಿದ ಕಲ್ಲಿನ ಪಕ್ಕದಲ್ಲೇ ಬೋಲ್ಟ್ ಹಾಕಿ ಬಿಗಿದರು. ಒಂದು ಚೂರು ಮಾತ್ರ ನಾನು ಕೊಡಲಿಲ್ಲ. ಅದರ ಬದಲಿಗೆ ನಟ್ಟು ತಿರುಗಿಸುವ ಒಂದು ಹಳೇ ಪಾನಾ ಹಾಕಿಕೊಂಡರು.

ರೇಸಿನ ದಿನ ನಾನು ಬೇಲಿಯ ಆಚೆ ಕೊಡೆ ಹಿಡಿದು ಕೂತಿದ್ದೆ. ಬಿಸಿಲಿಗೆ ಪಟ್ಟಿ ನೀರಿನ ಹಾಗೆ ಅಲುಗುತ್ತಿತ್ತು. ಮಹೆಕ್ ಮೊದಲ ಓಟ ಗೆದ್ದಳು, ಎರಡನೆಯದರಲ್ಲಿ ಬಾನೆಟ್ಟಿನಷ್ಟು ಅಂತರದಲ್ಲಿ ಸೋತಳು. ಗಾಡಿ ಅಲುಗುವ ಬೆಳಕಿನೊಳಗೆ ಕರಗಿ ಹೋಗುವುದನ್ನು ನೋಡುತ್ತಾ ನನ್ನ ಎಡಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಹೊಟ್ಟೆ ಉರಿಯಿತು, ಇಲ್ಲ ಅನ್ನಲಾರೆ. ಅವಳು ವಾಪಸ್ ಬಂದು, ಹೆಲ್ಮೆಟ್ ತೆಗೆದು, ಬೆವರೊರೆಸಿಕೊಳ್ಳದೆ ನನ್ನ ಹತ್ತಿರ ಕೂತಳು. ಗಾಡಿ ಎದ್ದಾಗ ಡಬ್ಬಿಯೊಳಗೆ ಚೂರುಗಳು ಸಣ್ಣಗೆ ಸದ್ದು ಮಾಡುತ್ತಿದ್ದವಂತೆ, ಗೆರೆ ದಾಟುವ ತನಕ.

"ಭಾಬಿ, ಗಾಡ್ಯಾಗ ನಾ ಒಬ್ಬಾಕೀನೇ ಇದ್ದಿಲ್ಲ ನೋಡ್ರಿ," ಅಂದಳು.

ಉಳಿಸಿಕೊಂಡ ಆ ಒಂದು ಚೂರು ನನ್ನ ದಿಂಬಿನ ಕೆಳಗಿದೆ. ಅಂಚು ಚುಚ್ಚದ ಹಾಗೆ ನಿನ್ನ ಅಬ್ಬಾ ಪಾಲಿಶ್ ಮಾಡಿಕೊಟ್ಟಿದ್ದಾರೆ. ಬಂದ ಮೇಲೆ ಕೊಡುತ್ತೇನೆ. ಆರಾಮಾಗಿ ಬಾ, ಅವಸರ ಮಾಡಬೇಡ. ಅವಸರಕ್ಕೆ ಅಂಗಳದಲ್ಲಿ ಗಾಡಿ ಇದೆ, ಅದರ ಸೀಟನ್ನು ನಾನು ಮಹೆಕ್‌ಗೆ ಪೂರ್ತಿ ಬಿಟ್ಟುಕೊಟ್ಟಿಲ್ಲ. ಖುದಾ ನಿನ್ನ ದಾರಿಯನ್ನು ನೆಟ್ಟಗಿಡಲಿ, ನಿನ್ನ ಕಣ್ಣಿನ ಮುಂದೆ ಬೆಳಕಿಡಲಿ.

ನಿನ್ನನ್ನು ಹೊತ್ತು, ಹಾಲು ತುಳುಕದ ಹಾಗೆ ನಡೆಯುತ್ತಿರುವ
ನಿನ್ನ ಅಮ್ಮಿ,
ಜಬೀನಾ